ಉತ್ತರ ಬರುವಷ್ಟು ಹೊತ್ತು

ಮಾರ್ಚ್ ೭, ಸೋಮವಾರ

ಹನ್ನೆರಡು ಸೀಸೆಗಳೂ ಬಂದು ಸೇರಿದವು. ತಯಾಬಾಸಿನ ಹನ್ನೆರಡು ಭಟ್ಟಿಗಳ ಲಂಬಾನೊಗ್, ತೆಂಗಿನ ಕಳ್ಳಿನಿಂದ ಇಳಿಸಿದ ಸಾರಾಯಿ. ನಿಯಮದಂತೆ ಎಲ್ಲವೂ ಸಕಲ ಸಂತರ ಹಬ್ಬದ ವಾರ ಇಳಿಸಿದವು. ನಾಲ್ಕು ತಿಂಗಳು ಗಾಜಿನ ಬುರುಡೆಯಲ್ಲಿ ತಣಿದವು. ಈ ನಿಯಮವನ್ನು ಮಾಡಿದವನು ನಾನೇ. ತೆಂಗಿನ ಹೊಂಬಾಳೆಯ ಕಳ್ಳು ವಾರದಿಂದ ವಾರಕ್ಕೆ ಬದಲಾಗುತ್ತದೆ. ಒಂದೇ ವಾರ ಇಳಿಸಿದ್ದನ್ನು ಹೋಲಿಸದಿದ್ದರೆ ಅದು ವಿಮರ್ಶೆಯಾಗುವುದಿಲ್ಲ, ಹರಟೆಯಾಗುತ್ತದೆ.

ಶನಿವಾರದ ಪತ್ರಿಕೆಗೆ ವಾರಕ್ಕೆ ಒಂದೋ ಎರಡೋ ವಿಮರ್ಶೆ. ಮೇ ಹದಿನೈದರೊಳಗೆ ಹನ್ನೆರಡೂ ಮುಗಿಯಬೇಕು. ನನ್ನ ಅಂಕಗಳನ್ನು ನೋಡಿಯೇ ಲುಸೇನಾದ ವರ್ತಕರು ಯಾರ ಮನೆಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಮೂವತ್ತೊಂದು ವರ್ಷಗಳಲ್ಲಿ ಒಂದು ಅಂಕವೂ ತಪ್ಪೆನಿಸಿಕೊಂಡಿಲ್ಲ.

ಯಾವ ಸೀಸೆ ಯಾರದೆಂದು ರುಚಿ ನೋಡುವವನಿಗೆ ತಿಳಿದಿರಬಾರದು. ಹಿಂದೆ ನನ್ನ ಹೆಂಡತಿ ಲುದಿಂಗ್ ಅಡುಗೆಮನೆಯ ಪರದೆಯ ಆಚೆ ನಿಂತು ಸುರಿದು, ಬಟ್ಟಲನ್ನು ಸಂದಿನಿಂದ ನೀಡುತ್ತಿದ್ದಳು. ಪರೀಕ್ಷೆಯ ವೇಳೆ ಮೌನವಿರಬೇಕೆಂದು ಎಷ್ಟು ಹೇಳಿದರೂ ಪ್ರತಿ ಬಟ್ಟಲಿಗೂ ಅವಳದೊಂದು ಮಾತು ಇದ್ದೇ ಇರುತ್ತಿತ್ತು. ನವೆಂಬರಿನಲ್ಲಿ ತೀರಿಕೊಂಡಳು. ಈ ವರ್ಷ ವ್ಯವಸ್ಥೆಯನ್ನು ನಾನೊಬ್ಬನೇ ಮಾಡಿಕೊಳ್ಳಬೇಕಾಗಿದೆ. ಮನೆ ನಿಶ್ಶಬ್ದವಾಗಿರುವುದರಿಂದ ಏಕಾಗ್ರತೆಗೆ ಅನುಕೂಲವೇ ಆಯಿತು.

ಮಾರ್ಚ್ ೮, ಮಂಗಳವಾರ

ಸೀಸೆಗಳೆಲ್ಲ ಒಂದೇ ಬಗೆಯ ಚೌಕ ಸೀಸೆಗಳು. ಅವುಗಳಿಗೆ ಕಾಗದ ಸುತ್ತಿ, ಹೆಸರನ್ನು ತಳಕ್ಕೆ ಅಂಟಿಸಿ, ಕಣ್ಣು ಮುಚ್ಚಿ ಅದಲು ಬದಲು ಮಾಡಿದೆ. ಅಷ್ಟು ಸಾಲದು. ಒಂದರ ಬಾಯಂಚು ಸ್ವಲ್ಪ ಒಡೆದಿದೆ, ಮತ್ತೊಂದರ ಬಿರಡೆ ತೆಂಗಿನ ನಾರಿನದು. ಬೆರಳುಗಳಿಗೆ ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ಕೈಗಳಿಗೆ ಕಾಲುಚೀಲ ಹಾಕಿಕೊಂಡೆ. ಅದರಿಂದ ಎರಡು ಚಮಚದಷ್ಟು ಮೇಜಿನ ಮೇಲೆ ಚೆಲ್ಲಿತು. ಸುರಿದಾದ ಮೇಲೆ ಚೀಲ ತೆಗೆದು, ಬಟ್ಟಲನ್ನು ಎತ್ತಿದೆ, ಕುಡಿದೆ, ಉಗುಳಿದೆ, ಬರೆದೆ.

ಮೂಗು: ಚುಚ್ಚುತ್ತದೆ. ನಾಲಗೆ: ಸುಟ್ಟ ತೆಂಗಿನ ಚಿಪ್ಪು ದೂರದಲ್ಲಿದೆ, ಅಲ್ಲಿಗೆ ತಲುಪುವ ಮೊದಲೇ ಘಾಟು ಬಾಗಿಲು ಹಾಕಿಕೊಳ್ಳುತ್ತದೆ. ಗಂಟಲು: ಒರಟು. ಇಪ್ಪತ್ತಕ್ಕೆ ಹನ್ನೊಂದು.

ತಳ ನೋಡಿದರೆ ಬೆಸ್ತ್ರೆಯದು. ಕಳೆದ ವರ್ಷ ಹದಿನಾರು ಪಡೆದಿದ್ದ. ವಯಸ್ಸಾಯಿತಲ್ಲ, ಕೈ ಸಡಿಲಾಗಿರಬೇಕು.

ಮಾರ್ಚ್ ೧೦, ಗುರುವಾರ

ಎರಡನೆಯದು. ಹತ್ತು ಅಂಕ. ಘಾಟು ಮೊದಲು, ಘಾಟು ನಡುವೆ, ಕೊನೆಯಲ್ಲಿ ಏನೂ ಇಲ್ಲ.

ಸಂಪಾದಕ ಪೆರ್ತಿಂಗ್ ದೂರವಾಣಿಯಲ್ಲಿ ವಿಚಾರಿಸಿದ.

"ಮಾಂಗ್ ಕಾರ್ಪೊ, ಸುರಿದು ಕೊಡೋಕೆ ನಮ್ಮ ಆಫೀಸಿಂದ ಯಾರನ್ನಾದ್ರೂ ಕಳಿಸ್ಲಾ?"

"ಬೇಡಪ್ಪ. ವ್ಯವಸ್ಥೆ ಆಗಿದೆ."

"ಯಾರು ಬರ್ತಿದಾರೆ?"

"ಕಾಲುಚೀಲ."

ಅವನು "ಆಯ್ತು, ಹುಷಾರಾಗಿರಿ" ಎಂದ. ಹುಷಾರಾಗಿರಬೇಕಾದ ಸಂಗತಿ ಇದರಲ್ಲಿ ಏನಿದೆಯೋ ತಿಳಿಯದು.

ಮಾರ್ಚ್ ೧೫, ಮಂಗಳವಾರ

ಮೂರನೆಯದು ಹತ್ತು. ನಾಲ್ಕನೆಯದು ಒಂಬತ್ತೂವರೆ.

ನಾಲ್ಕೂ ಭಟ್ಟಿಗಳು ಒಮ್ಮೆಗೇ ಕೆಡುವುದು ಸಾಧ್ಯವಿಲ್ಲವಾದ್ದರಿಂದ ಕೆಟ್ಟದ್ದು ಕಳ್ಳೇ ಇರಬೇಕು. ಅಕ್ಟೋಬರಿನ ಬಿರುಗಾಳಿಗೆ ಹೊಂಬಾಳೆಗಳು ನಲುಗಿರಬಹುದು. ವಿಮರ್ಶೆಗೆ ತಲೆಬರಹವಾಗಿ ಯೋಚಿಸಿ ಎರಡು ಪದ ಆರಿಸಿದೆ: 'ಸೊರಗಿದ ವರ್ಷ'. 'ನಯ' ಎಂಬ ಪದವನ್ನು ನಾನು ಈವರೆಗೆ ಒಮ್ಮೆಯೂ ಬಳಸಿಲ್ಲ; ಅದು ಬಟ್ಟೆಗೆ ಸಲ್ಲುವ ಮಾತು. ಈ ವರ್ಷವಂತೂ ಬಳಸುವ ಸಂದರ್ಭವೇ ಬಾರದು.

ಮಧ್ಯಾಹ್ನ ಅನ್ನ ಹೆಚ್ಚಾಯಿತು. ಇನ್ನೂ ಇಬ್ಬರ ಅಳತೆಗೆ ಅಕ್ಕಿ ಹಾಕುತ್ತಿದ್ದೇನೆ. ತಿದ್ದಿಕೊಳ್ಳಬೇಕು.

ಮಾರ್ಚ್ ೨೧, ಸೋಮವಾರ

ಕ್ಷೌರದಂಗಡಿಯಲ್ಲಿ ಬೆಸ್ತ್ರೆ ಕುಳಿತಿದ್ದ. ನನ್ನನ್ನು ಕಂಡವನೇ ಎದ್ದು ಕುರ್ಚಿ ಒರೆಸಿದ.

"ಬನ್ನಿ ಮಾಂಗ್ ಕಾರ್ಪೊ, ಬನ್ನಿ. ಹನ್ನೊಂದು ಮಾರ್ಕಿನವರು ಎದ್ದು ನಿಲ್ಲಬೇಕಲ್ವಾ? ಏನಯ್ಯಾ," ಎಂದು ಕ್ಷೌರಿಕನ ಕಡೆ ತಿರುಗಿ, "ಇಪ್ಪತ್ತಕ್ಕೆ ಹನ್ನೊಂದು ಅಂದ್ರೆ ಪಾಸೋ ಫೇಲೋ?"

"ನಮ್ಮ ಕಾಲಕ್ಕೆ ಪಾಸು," ಎಂದ ಕ್ಷೌರಿಕ.

"ಅಂಕ ಕೊಟ್ಟದ್ದು ನಿಮಗಲ್ಲ, ನೀವು ಇಳಿಸಿದ್ದಕ್ಕೆ," ಎಂದೆ.

"ಅದೇ ಹೇಳಿ ಮತ್ತೆ. ಮರ ಅದೇ. ಮರದಿಂದ ಮರಕ್ಕೆ ಕಟ್ಟಿರೋ ಬಿದಿರಿನ ಸಂಕ ಅದೇ. ತಾಮ್ರದ ಭಟ್ಟಿ ನಮ್ಮಜ್ಜಂದು. ನಾನೂ ಅವನೇ, ಹಲ್ಲು ಎರಡು ಕಮ್ಮಿ ಅಷ್ಟೇ. ಬದಲಾಗಿರೋದು ಏನು?"

"ಕಳ್ಳು ಬದಲಾಗಿರಬಹುದು."

"ಕಳ್ಳು!" ಎಂದು ಬೆಸ್ತ್ರೆ ಕನ್ನಡಿಗೆ ಹೇಳಿದ. ಆಮೇಲೆ ದನಿ ತಗ್ಗಿಸಿ, "ಸಂಜೆ ಬನ್ನಿ ನಮ್ಮನೆ ಹತ್ರ. ನಾಲ್ಕು ಜನ ಕೂತಿರ್ತೀವಿ. ಬಟ್ಟಲು ಒಂದೇ, ನಿಮ್ಗೂ ಒಂದು ಸುತ್ತು ಬರುತ್ತೆ. ಮಾರ್ಕು ಗೀರ್ಕು ಏನೂ ಬೇಡ," ಎಂದ.

ಪರೀಕ್ಷೆಯ ಅವಧಿಯಲ್ಲಿ ಪರೀಕ್ಷಕನು ಯಾರ ಬಟ್ಟಲನ್ನೂ ಮುಟ್ಟಬಾರದು. ಹಾಗೆಂದು ತಿಳಿಸಿದೆ. ಪರೀಕ್ಷೆ ಇಲ್ಲದ ತಿಂಗಳುಗಳಲ್ಲಿಯೂ ನಾನು ಹೋದದ್ದು ಕಡಿಮೆ. ಹೋಗುತ್ತಿದ್ದವಳು ಲುದಿಂಗ್.

ಮಾರ್ಚ್ ೨೪, ಗುರುವಾರ

ನನ್ನ ಮೂಗನ್ನೇ ಪರೀಕ್ಷಿಸಿದೆ. ಈ ವಾರ ಪತ್ರಿಕೆಗೆ ಏನನ್ನೂ ಕಳುಹಿಸಲಿಲ್ಲ.

ತಾಳೆಯ ವಿನಿಗರ್: ಸ್ಪಷ್ಟ. ಒಣಮೀನು: ಸ್ಪಷ್ಟ, ಅಗತ್ಯಕ್ಕಿಂತ ಹೆಚ್ಚು. ಕರ್ಪೂರ: ಸ್ಪಷ್ಟ. ಘಮದ ಪಂದಾನ್ ಎಲೆಗಾಗಿ ಹುಡುಕಿದಾಗ ಒಣಗಿದ್ದೊಂದು ಕಟ್ಟು ಅಲಮಾರಿನಲ್ಲಿ ಲುದಿಂಗಳ ಬಟ್ಟೆಗಳ ನಡುವೆ ಸಿಕ್ಕಿತು. ಅದೂ ಸ್ಪಷ್ಟ. ಹತ್ತು ಗಂಟೆಗೆ ಅಲಮಾರು ತೆರೆದಿದ್ದೆ, ಮುಚ್ಚಿದಾಗ ಹನ್ನೊಂದೂವರೆ. ಗಡಿಯಾರ ಮುಂದೆ ಓಡುತ್ತಿರಬೇಕು.

ಮೂಗಿನಲ್ಲಿ ದೋಷವಿಲ್ಲ. ಹಾಗಾದರೆ ವರ್ಷವೇ ಸೊರಗಿದೆ.

ಏಪ್ರಿಲ್ ೧, ಶುಭ ಶುಕ್ರವಾರ

ಇಂದು ರುಚಿ ನೋಡುವಂತಿಲ್ಲ. ಮಾತನಾಡುವಂತೆಯೂ ಇಲ್ಲ. ಎರಡನೆಯದಕ್ಕೆ ವಿಶೇಷ ಪ್ರಯತ್ನವೇನೂ ಬೇಕಾಗಲಿಲ್ಲ.

ಏಪ್ರಿಲ್ ೬, ಬುಧವಾರ

ಬೆಳಿಗ್ಗೆ ಗೋರ್ಯಾ ಬಂದಳು. ಗಂಡ ಹೋದ ಮೇಲೆ ಇಪ್ಪತ್ತು ವರ್ಷಗಳಿಂದ ಒಬ್ಬಳೇ ಭಟ್ಟಿ ನಡೆಸುತ್ತಿರುವವಳು. ಚರ್ಚಿನ ಹಾಡಿನ ಗುಂಪಿನಲ್ಲಿ ಲುದಿಂಗಳ ಪಕ್ಕ ನಿಲ್ಲುತ್ತಿದ್ದವಳು. ಅವಳ ಸೀಸೆಯೂ ಹನ್ನೆರಡರಲ್ಲಿದೆ, ಇನ್ನೂ ನೋಡಿಲ್ಲ. ಕಂಕುಳಲ್ಲಿ ಬುಟ್ಟಿ, ಬಾಯಿ ತುಂಬ ಎಲೆ ಅಡಿಕೆ. ಒಳಗೆ ಬಾ ಎನ್ನುವ ಮೊದಲೇ ಒಳಗಿದ್ದಳು.

"ಊರಲ್ಲಿರೋ ಭಟ್ಟಿ ಎಲ್ಲಾ ಒಟ್ಟಿಗೆ ಕೆಟ್ಟೋಯ್ತಾ ಮಾಂಗ್ ಕಾರ್ಪೊ, ಅಥವಾ ಒಂದು ನಾಲಿಗೆ ಕೆಟ್ಟೋಯ್ತಾ?"

"ಎಲ್ಲಾ ಅಲ್ಲ. ನಾಲ್ಕು. ಬರೆದದ್ದನ್ನ ಸರಿಯಾಗಿ ಓದ್ಬೇಕು."

"ಓದೋಕೆ ಬರುತ್ತೆ. 'ಸೊರಗಿದ ವರ್ಷ' ಅಂತೆ. ಸೊರಗಿರೋದು ಯಾರು ಅಂತ ಕನ್ನಡಿ ನೋಡ್ಕೊಂಡಿದೀರಾ? ಅಯ್ಯೋ, ಇದೇನು ಊಟದ ಮೇಜಿನ ಮೇಲೆ ಕಾಲುಚೀಲ!"

"ಅದು ಉಪಕರಣ."

ಅವಳು ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಕುರ್ಚಿಗೆ ಹಾಕಿದಳು. ಬುಟ್ಟಿಯಿಂದ ಗುರುತಿಲ್ಲದ ಪುಟ್ಟ ಸೀಸೆಯೊಂದನ್ನೂ ಬಟ್ಟಲನ್ನೂ ತೆಗೆದು ಸುರಿದಳು. ಬೇಡವೆಂದೆ. ಅವಳು ಕೈ ಚಾಚಿಕೊಂಡೇ ಇದ್ದಳು. ಚಾಚಿದ ಬಟ್ಟಲನ್ನು ಎಷ್ಟು ಹೊತ್ತು ಹಾಗೆ ಬಿಡಲಾದೀತು?

ಬಟ್ಟಲು ಕೈಗೆ ಬಂದದ್ದೇ ಮಾತು ತಾನಾಗಿ ಹೊರಟಿತು: "ನಾಆಯ್ ಪೊ." ಕುಡಿಯುವವನು, ಇಗೋ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೀಗೆ ತಿಳಿಸಬೇಕು; ಜೊತೆಯಲ್ಲಿರುವವರು "ಪಾಕಿನಾಬಾಂಗಾನ್ ಪೊ", ಅದು ನಿಮಗೆ ಒಳಿತು ಮಾಡಲಿ, ಎನ್ನಬೇಕು; ಆಮೇಲೆಯೇ ತುಟಿಗೆ ತರಬೇಕು. ಗೋರ್ಯಾಳ ಬಾಯಲ್ಲಿ ಎಲೆ ಅಡಿಕೆ. ತಡೆಯಿರೆಂದು ಕೈಸನ್ನೆ ಮಾಡಿ, ಕಿಟಕಿಗೆ ಹೋಗಿ ಉಗಿದು, ಸೆರಗಿನಂತೆ ಹೆಗಲ ಮೇಲಿದ್ದ ವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಬಂದು ನನ್ನೆದುರು ನಿಂತು ಉತ್ತರ ಹೇಳಿದಳು. ಅಷ್ಟು ಹೊತ್ತೂ ಬಟ್ಟಲು ನನ್ನ ಅಂಗೈಯಲ್ಲಿತ್ತು.

ಕುಡಿದೆ. ಉಗುಳಲು ಮರೆತೆ.

ಸುಟ್ಟ ಚಿಪ್ಪು, ಅದರ ಹಿಂದೆ ಹಲಸಿನ ತೊಳೆ, ಗಂಟಲಲ್ಲಿ ಬಹಳ ಹೊತ್ತು ಉಳಿಯುವ ಬೆಚ್ಚನೆಯ ಗೆರೆ. "ಹದಿನಾರು," ಎಂದೆ. "ಇದು ಈ ವರ್ಷದ್ದಲ್ಲ."

"ಈ ವರ್ಷದ್ದೇ. ಬೆಸ್ತ್ರೆದು. ನೀವು ಹನ್ನೊಂದು ಅಂತ ಬರೆದ್ರಲ್ಲ, ಅದೇ ಬುರುಡೆಯಿಂದ ಬಗ್ಗಿಸ್ಕೊಂಡು ಬಂದೆ."

ಬಾಳೆಲೆಯಲ್ಲಿ ಸುತ್ತಿದ ಅಕ್ಕಿಯ ಕಡುಬು ನಾಲ್ಕನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ನಾನು ಬಾಗಿಲವರೆಗೂ ಹೋಗಲಿಲ್ಲ.

ಏಪ್ರಿಲ್ ೭, ಗುರುವಾರ

ಬೆಸ್ತ್ರೆಯ ಸೀಸೆಯನ್ನೇ ಮತ್ತೆ ತೆಗೆದೆ. ಸುರಿದೊಡನೆ ಕುಡಿದೆ: ಹನ್ನೊಂದು. ಅಂಗೈಯಲ್ಲಿ ಹಿಡಿದು ತಡೆದು ಕುಡಿದೆ: ಹದಿನಾಲ್ಕು.

ಕಾರಣ ಸಿಕ್ಕಿತು. ಉತ್ತರಕ್ಕೆ ಕಾಯುವಷ್ಟು ಹೊತ್ತು ಬಟ್ಟಲು ಕೈಯಲ್ಲಿರುತ್ತದೆ. ಮೈಯ ಬಿಸಿ ತಗಲುತ್ತದೆ. ಮೊದಲ ಘಾಟು ಹಾರಿಹೋಗುತ್ತದೆ. ಮೂವತ್ತು ವರ್ಷವೂ ಪರದೆಯ ಆಚೆಯಿಂದ ಉತ್ತರ ಬಂದ ಮೇಲೆಯೇ ನಾನು ಕುಡಿದದ್ದು. ನಾನು ಬೇಡವೆನ್ನುತ್ತಿದ್ದ ಆ ಮಾತೇ ನನ್ನ ಅಳತೆಗೋಲಾಗಿತ್ತು. ಈ ವರ್ಷ ಉತ್ತರ ಹೇಳುವವರಿಲ್ಲವೆಂದು ನಾನು "ನಾಆಯ್ ಪೊ" ಎನ್ನುವುದನ್ನೇ ಬಿಟ್ಟಿದ್ದೆ, ಎತ್ತಿದ್ದೆ, ಕುಡಿದಿದ್ದೆ. ನಾಲ್ಕು ಮನೆಗಳ ಹೆಸರನ್ನು ಕೆಡಿಸಿದ್ದೆ.

ಇದು ಕೇವಲ ಉಷ್ಣತೆಯ ಪ್ರಶ್ನೆ. ಗಡಿಯಾರವೊಂದಿದ್ದರೆ ಸಾಕು.

ಏಪ್ರಿಲ್ ೯, ಶನಿವಾರ

ಗಡಿಯಾರ ಸಾಲದು. ಏಳು ಎಣಿಸಿದರೆ ಹದಿಮೂರು, ಹತ್ತು ಎಣಿಸಿದರೆ ಹದಿನೈದು, ಮತ್ತೆ ಹತ್ತು ಎಣಿಸಿದರೆ ಹನ್ನೆರಡು. ಮುಳ್ಳನ್ನು ನೋಡುತ್ತಿರುವವನು ಬಟ್ಟಲನ್ನು ಮರೆಯುತ್ತಾನೆ. ಅಲ್ಲದೆ ಲುದಿಂಗಳ ಉತ್ತರವೂ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ಒಲೆಯ ಮೇಲೆ ಏನಾದರೂ ಉಕ್ಕುತ್ತಿದ್ದರೆ ಅದನ್ನು ಇಳಿಸಿ ಬಂದು ಹೇಳುತ್ತಿದ್ದಳು. ಆದರೂ ಅಂಕಗಳು ಸರಿಯಾಗಿರುತ್ತಿದ್ದವು. ಹೇಗೆಂಬುದಕ್ಕೆ ಉಷ್ಣತೆಯಲ್ಲಿ ವಿವರಣೆ ಸಿಗುತ್ತಿಲ್ಲ.

ಕೊನೆಗೆ ಒಂದು ಪ್ರಯೋಗ ಮಾಡಿದೆ. ಬಟ್ಟಲೆತ್ತಿ ಅಡುಗೆಮನೆಯ ಕಡೆಗೆ "ನಾಆಯ್ ಪೊ" ಎಂದೆ. ಕಾದೆ.

ಎಷ್ಟು ಹೊತ್ತು ಕಾದೆನೆಂದು ನೋಡಿಕೊಳ್ಳಲಿಲ್ಲ. ಬಟ್ಟಲಿನಲ್ಲಿದ್ದುದು ನೆತ್ತರಿನಷ್ಟು ಬೆಚ್ಚಗಾಗಿತ್ತು. ಅಂಕ ಕೊಡಲಿಲ್ಲ.

ಏಪ್ರಿಲ್ ೧೧, ಸೋಮವಾರ

ಪತ್ರಿಕೆಯ ಕಚೇರಿಗೆ ಹೋಗಿ ತಿದ್ದುಪಡಿಯನ್ನು ಕೊಟ್ಟೆ: 'ಮಾರ್ಚ್ ೧೨ ಹಾಗೂ ೧೯ರ ಸಂಚಿಕೆಗಳಲ್ಲಿ ಪ್ರಕಟವಾದ ನಾಲ್ಕು ಅಂಕಗಳನ್ನು ಹಿಂದೆಗೆದುಕೊಂಡಿದ್ದೇನೆ. ದೋಷ ಪಾನೀಯದ್ದಲ್ಲ, ಪರೀಕ್ಷಕನದು.'

ಪೆರ್ತಿಂಗ್ ಎರಡು ಸಲ ಓದಿದ. "ಕಾರಣ ಏನು ಅಂತ ಹಾಕೋದು? ಜನ ಕೇಳ್ತಾರೆ."

"ಉಷ್ಣತೆ ಅಂತ ಹಾಕು."

"ಜ್ವರ ಬಂದಿತ್ತು ಅಂದ್ಕೋತಾರೆ."

"ಅಂದ್ಕೊಳ್ಳಲಿ."

ಅಲ್ಲಿಂದ ಗೋರ್ಯಾಳ ಭಟ್ಟಿಗೆ ನಡೆದೆ. ಅವಳು ಒಲೆಗೆ ತೆಂಗಿನ ಸೋಗೆ ತುರುಕುತ್ತಿದ್ದಳು. ಹೊಗೆಯಲ್ಲಿ ನಿಂತೇ ವಿಷಯ ತಿಳಿಸಿದೆ: ಪರದೆಯ ಆಚೆ ನಿಂತು ಸುರಿಯಬೇಕು, ಉತ್ತರ ಹೇಳಬೇಕು, ಬೇರೇನೂ ಮಾತಾಡಬಾರದು.

"ಪಾಕಿನಾಬಾಂಗಾನ್ ಅನ್ನೋಕೆ ಒಂದು ಜನ ಬೇಕು ಅನ್ನಿ ನಿಮ್ಗೆ."

"ಉಷ್ಣತೆಗೋಸ್ಕರ."

"ಹೂಂ, ಉಷ್ಣತೆ," ಎಂದು ಅವಳು ಕಣ್ಣೊರೆಸಿಕೊಂಡಳು. ಹೊಗೆ ಬಹಳವಿತ್ತು.

"ನಿನ್ನ ಸೀಸೆಯೂ ಅದರಲ್ಲಿದೆ. ಅದು ಸ್ವಲ್ಪ ಸರಿಯಾಗಲ್ಲ."

"ಯಾವುದು ನಂದು ಅಂತ ನಂಗೆ ಗೊತ್ತಿರುತ್ತೆ, ನಿಮ್ಗಿರಲ್ಲ. ಇದ್ರಲ್ಲಿ ಮೋಸ ಎಲ್ಲಿಂದ ಬಂತು? ಲುದಿಂಗ್‌ಗೂ ಎಲ್ಲಾ ಗೊತ್ತಿತ್ತಲ್ಲ."

ತರ್ಕ ಸರಿಯಾಗಿತ್ತು.

ಏಪ್ರಿಲ್ ೧೪, ಗುರುವಾರ

ನಾಲ್ಕನ್ನೂ ಮರುಪರೀಕ್ಷೆ ಮಾಡಿದೆ. ಹದಿನಾರು, ಹದಿನೈದು, ಹದಿನಾಲ್ಕೂವರೆ, ಹದಿನೈದು. ವರ್ಷ ಸೊರಗಿಲ್ಲ.

ಗೋರ್ಯಾ ಮೌನದ ನಿಯಮವನ್ನು ಮೊದಲ ಬಟ್ಟಲಿಗೇ ಮುರಿದಳು. ನಮ್ಮ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆಯೆಂದು ಕೇಳಿದಳು. ಪರೀಕ್ಷೆಗೂ ಉಪ್ಪಿಗೂ ಏನು ಸಂಬಂಧವೆಂದೆ. ಸಂಬಂಧವಿಲ್ಲ, ಆದರೆ ನಿಮ್ಮ ಸಾರಿನಲ್ಲಿ ಅದಿಲ್ಲ ಎಂದಳು. ಮುಚ್ಚಳ ತೆಗೆದು ರುಚಿ ನೋಡಿದ್ದಳು! ಆಮೇಲೆ, ಹಾಡಿನ ಗುಂಪಿನಲ್ಲಿ ಲುದಿಂಗ್ ಯಾವಾಗಲೂ ಒಂದು ಅಕ್ಷರ ಮುಂಚೆಯೇ ಹಾಡು ಶುರು ಮಾಡುತ್ತಿದ್ದಳೆಂದೂ, ಪಾದ್ರಿಗಳು ಬೈದರೆ "ನಾನು ಮುಂಚೆ ಅಲ್ಲ ಫಾದರ್, ಉಳಿದೋರು ಲೇಟು" ಎನ್ನುತ್ತಿದ್ದಳೆಂದೂ ಹೇಳಿದಳು. ಇದನ್ನು ನಾನು ಕೇಳಿರಲಿಲ್ಲ. ನಲವತ್ನಾಲ್ಕು ವರ್ಷ ಜೊತೆಗಿದ್ದೂ ಕೇಳಿರಲಿಲ್ಲ. ಮನೆಯಲ್ಲಿ ಅವಳು ಹಾಡುತ್ತಿದ್ದಳೇ? ಹಾಡಿರಬೇಕು. ನಾನು ಬರೆಯುತ್ತಿದ್ದೆ.

ಗೋರ್ಯಾ ಆ ಹಾಡಿನ ಒಂದು ಸಾಲನ್ನು ಹಾಡಿ ತೋರಿಸಿದಳು. ಅವಳ ಕಂಠ ಚೆನ್ನಾಗಿಲ್ಲ. ಈ ದಿನಚರಿಯಲ್ಲಿ ಇಂಥ ಸಂಗತಿಗಳಿಗೆ ಸ್ಥಳವಿಲ್ಲ. ಬರೆದದ್ದನ್ನು ಹೊಡೆದುಹಾಕಿದರೆ ಪುಟ ಕೊಳಕಾಗುತ್ತದೆಂದು ಬಿಟ್ಟಿದ್ದೇನೆ.

ಏಪ್ರಿಲ್ ೨೦, ಬುಧವಾರ

ಐದು, ಆರು, ಏಳು ಚೆನ್ನಾಗಿ ನಡೆದವು. ಇಂದು ಎಂಟನೆಯದು. ಬಟ್ಟಲು ಸಂದಿನಿಂದ ಬಂದಿತು, ನಾನು ಕೇಳಿದೆ, ಉತ್ತರ ಬಂದಿತು, ಕುಡಿದೆ. ಮತ್ತೊಮ್ಮೆ ಕೇಳಿ ಕುಡಿದೆ. ಮೂರನೆಯ ಸಲವೂ ನೋಡಿದೆ.

"ಎಷ್ಟು?" ಎಂದಳು ಪರದೆಯ ಆಚೆಯಿಂದ. ಸಾಮಾನ್ಯವಾಗಿ ಕೇಳುವವಳಲ್ಲ.

"ಎಂಟು."

"ಯಾಕೆ?"

"ಕೊನೆಯ ಪಾಲು ಬೆರೆತಿದೆ. ಒದ್ದೆ ಹಗ್ಗದ ವಾಸನೆ. ನೀರು ನೀರಾಗಿ ಇಳಿಯೋಕೆ ಶುರುವಾದ ತಕ್ಷಣ ಪಾತ್ರೆ ಬದಲಾಯಿಸ್ಬೇಕಿತ್ತು, ಬದಲಾಯಿಸಿಲ್ಲ. ಭಟ್ಟಿಯ ಹತ್ರ ಆಗ ಯಾರೂ ಇರ್ಲೇ ಇಲ್ಲ ಅನ್ಸುತ್ತೆ."

"ಇರ್ಲಿಲ್ಲ."

ಪರದೆ ಸರಿಯಿತು. ಅವಳ ಕೈಯಲ್ಲಿ ಸೀಸೆ ಇತ್ತು. ತಳವನ್ನು ನನ್ನ ಕಡೆ ತಿರುಗಿಸಿದಳು.

"ನಂದು. ಯಾವ ದಿನ ಇಳಿಸಿದ್ದು ಅಂತ ಕೇಳಿ."

ನಾನು ಕೇಳಲಿಲ್ಲ.

"ನವೆಂಬರ್ ಆರು. ಬೆಂಕಿ ಉರೀತಿತ್ತು, ಹಾಗೇ ಬಿಟ್ಟು ಓಡಿ ಬಂದೆ ಈ ಮನೆಗೆ. ಲುದಿಂಗ್‌ನ ಎತ್ತೋ ಹೊತ್ತಾಗಿತ್ತು. ನೀವು ಪೆಟ್ಟಿಗೆ ಪಕ್ಕ ನಿಂತಿದ್ರಿ, ಯಾರು ಬಂದ್ರು ಯಾರು ಹೋದ್ರು ನಿಮ್ಗೆ ಗೊತ್ತಿಲ್ಲ. ಬೇರೆಯವರ ಭಟ್ಟಿಗೆ ಆಳಿದಾರೆ. ನಂಗ್ಯಾರಿದಾರೆ? ನಾನು ವಾಪಸ್ ಹೋಗೋ ಅಷ್ಟರಲ್ಲಿ ಎಲ್ಲಾ ಒಂದೇ ಪಾತ್ರೆಗೆ ಇಳಿದಿತ್ತು. ಆ ವಾರ ನಾನು ಇಳಿಸಿದ್ದು ಅದೊಂದೇ. ಆ ವಾರದ್ದೇ ಬೇಕು ಅನ್ನೋ ನಿಯಮ ಯಾರ್ದು?"

"ನನ್ನದು."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಈಗ ಎಷ್ಟು?"

ಬಟ್ಟಲಿನಲ್ಲಿ ಒಂದು ಗುಟುಕು ಉಳಿದಿತ್ತು. ಅದರಲ್ಲಿ ಒದ್ದೆ ಹಗ್ಗದ ವಾಸನೆ ಹಾಗೆಯೇ ಇತ್ತು.

"ಎಂಟು," ಎಂದೆ.

ಸೀಸೆಯನ್ನು ಮೇಜಿನ ಮೇಲಿಟ್ಟಳು, ಬುಟ್ಟಿ ಎತ್ತಿಕೊಂಡಳು, ಹೋದಳು.

ಏಪ್ರಿಲ್ ೨೧, ಗುರುವಾರ

ಬರಲಿಲ್ಲ.

ಏಪ್ರಿಲ್ ೨೨, ಶುಕ್ರವಾರ

ಬರಲಿಲ್ಲ. ಹತ್ತರಿಂದ ಹನ್ನೆರಡರವರೆಗೆ ಬಾಗಿಲು ತೆರೆದಿಟ್ಟಿದ್ದೆ, ಗಾಳಿಗಾಗಿ.

ಏಪ್ರಿಲ್ ೨೬, ಮಂಗಳವಾರ

ನಾಲ್ಕು ಸೀಸೆಗಳು ಉಳಿದಿವೆ. ಕೆಲಸ ನಿಂತಿದೆ. ಬೆಸ್ತ್ರೆಯನ್ನೋ ಪೆರ್ತಿಂಗನ ಗುಮಾಸ್ತೆಯನ್ನೋ ಕರೆಯಬಹುದು. ಉಷ್ಣತೆಯ ದೃಷ್ಟಿಯಿಂದ ಯಾರಾದರೂ ಒಂದೇ. ಕರೆಯಲಿಲ್ಲ.

ಎಂಟನೆಯದರ ವಿಮರ್ಶೆಯನ್ನು ಬರೆಯಲು ಕುಳಿತೆ. ಎಂಟನ್ನು ಹತ್ತು ಮಾಡಿದೆ. ಹತ್ತನ್ನು ನೋಡುತ್ತ ಕುಳಿತೆ. ಹೆಚ್ಚಿಸಿದ ಎರಡು ಅಂಕ ಸೀಸೆಯಲ್ಲಿದ್ದುದಕ್ಕೆ ಸಲ್ಲುವುದಿಲ್ಲ. ಅವಳು ಬೆಂಕಿ ಬಿಟ್ಟು ಓಡಿ ಬಂದದ್ದಕ್ಕೆ ಅವು ಬಹಳ ಕಡಿಮೆ. ಮತ್ತೆ ಎಂಟು ಮಾಡಿದೆ.

ಆದರೆ ಬರಿಯ ಎಂಟು ಅರ್ಧ ಸತ್ಯ. ದೋಷಕ್ಕೆ ಕಾರಣವನ್ನು ತಿಳಿಸುವುದು ನನ್ನ ಕ್ರಮವಲ್ಲ. ಬಟ್ಟಲಿನಲ್ಲಿ ಇರುವುದನ್ನಷ್ಟೇ ಬರೆಯುತ್ತ ಬಂದಿದ್ದೇನೆ. ಈ ಒಂದು ಸಲ ಕಾರಣವನ್ನೂ ಬರೆದೆ. ಮೊದಲ ಕರಡಿನಲ್ಲಿ 'ಶವಸಂಸ್ಕಾರ' ಎಂಬ ಪದವಿತ್ತು. ಮದ್ಯದ ವಿಮರ್ಶೆಯಲ್ಲಿ ಅದು ಅಸಂಗತವೆನಿಸಿ ತೆಗೆದೆ. ದಿನಾಂಕವೂ ಅನಾವಶ್ಯಕವೆಂದು ತೆಗೆದೆ. ಗೋರ್ಯಾಳ ಪೂರ್ಣ ಹೆಸರಿನೊಂದಿಗೆ ಉಳಿದದ್ದು ಇಷ್ಟು:

'ಗ್ರೆಗೋರಿಯಾಳ ಭಟ್ಟಿ. ಕೊನೆಯ ಪಾಲು ಬೆರೆತಿದೆ. ಎಂಟು ಅಂಕ. ಕಾರಣ: ಭಟ್ಟಿಯವಳು ಆ ದಿನ ಉರಿಯುವ ಬೆಂಕಿಯನ್ನು ಬಿಟ್ಟು ನನ್ನ ಮನೆಗೆ ಬಂದಿದ್ದಳು. ನಾನು ಅವಳಿಗೆ ಋಣಿ.'

ಸಂಕ್ಷಿಪ್ತವಾಗಿದೆ, ಸ್ಪಷ್ಟವಾಗಿದೆ. ಅಂಚೆಗೆ ಹಾಕಿದೆ.

ಏಪ್ರಿಲ್ ೩೦, ಶನಿವಾರ

ಅಚ್ಚಾಗಿದೆ. ಮುದ್ರಣದೋಷವಿಲ್ಲ. ಮಾರುಕಟ್ಟೆಯಲ್ಲಿ ಮೀನಿನವಳು ನನ್ನನ್ನು ನೋಡಿ ಕಾರಣವಿಲ್ಲದೆ ನಕ್ಕು, ಒಂದು ಮೀನು ಹೆಚ್ಚಾಗಿ ಹಾಕಿದಳು.

ಮೇ ೨, ಸೋಮವಾರ

ಒಂಬತ್ತು ಗಂಟೆಗೆ ಗೋರ್ಯಾ ಬಂದಳು, ಮಡಚಿದ ಪತ್ರಿಕೆಯನ್ನು ನೊಣ ಹೊಡೆಯುವವಳಂತೆ ಹಿಡಿದು.

"ಏನಿದು? ಏನಿದು ಅಂತೀನಿ! ನಿನ್ನೆ ಪೂಜೆ ಮುಗಿಸ್ಕೊಂಡು ಹೊರಗೆ ಬಂದ್ರೆ ಮೂರು ಜನ ನಿಲ್ಲಿಸಿ ಕೇಳಿದ್ರು, 'ಯಾವತ್ತಿಂದ?' ಅಂತ."

"ಯಾವತ್ತಿಂದ ಏನು?"

"ಅದನ್ನ ನೀವೇ ಹೇಳ್ಬೇಕು! 'ಉರಿಯುವ ಬೆಂಕಿಯನ್ನು ಬಿಟ್ಟು ನನ್ನ ಮನೆಗೆ ಬಂದಿದ್ದಳು, ನಾನು ಅವಳಿಗೆ ಋಣಿ.' ನಮ್ಮ ಮದುವೆಗೆ ಬೆಸ್ತ್ರೆ ಹಂದಿ ಕೊಡ್ತಾನಂತೆ! ಸುಡೋಕೆ ಕಟ್ಟಿಗೆ ಸಮೇತ!"

ನಾನು ಪತ್ರಿಕೆಯನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದೆ. "ವಾಕ್ಯದಲ್ಲಿ ತಪ್ಪಿಲ್ಲ ಗೋರ್ಯಾ. ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದ ಇದೆ."

"ಎಲ್ಲಾ ಇದೆ! ಹೆಣ ಒಂದು ಬಿಟ್ಟು ಎಲ್ಲಾ ಇದೆ!"

ಆಮೇಲೆ ಅವಳ ಭುಜಗಳು ಅಲುಗತೊಡಗಿದವು, ಅಳುತ್ತಿದ್ದಾಳೆಂದು ಗಾಬರಿಯಾಯಿತು. ಅವಳು ನಗುತ್ತಿದ್ದಳು. ನನಗೂ ಕೆಮ್ಮಿನಂಥದ್ದೇನೋ ಬಂದು ಕಣ್ಣಲ್ಲಿ ನೀರು ತುಂಬಿ, ಕನ್ನಡಕ ತೆಗೆಯಬೇಕಾಯಿತು.

ಮುಂದಿನ ಸಂಚಿಕೆಗೆ ಸ್ಪಷ್ಟೀಕರಣ ಕಳುಹಿಸುತ್ತೇನೆಂದೆ.

"ದಮ್ಮಯ್ಯ, ಇನ್ನೊಂದು ವಾಕ್ಯ ಬರೀಬೇಡಿ," ಎಂದಳು. ಕುರ್ಚಿ ಎಳೆದುಕೊಂಡು ಕುಳಿತು, ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು: "ಎಂಟು ಸರಿಯಾಗೇ ಇದೆ. ನಾನೇ ಕುಡಿದು ನೋಡಿದ್ದೆ, ಕೊಡೋಕೆ ಮುಂಚೆ. ಹತ್ತು ಹಾಕಿದ್ರೆ ಈ ಕಡೆ ತಲೆ ಹಾಕ್ತಿರ್ಲಿಲ್ಲ."

"ಹಾಗಾದ್ರೆ ಹನ್ನೊಂದು ದಿನ ಯಾಕೆ ಬರ್ಲಿಲ್ಲ?"

"ಎಂಟು ಹಾಕಿದ್ರಲ್ಲ, ಸಿಟ್ಟು ಬರಲ್ವಾ?"

ಇದರಲ್ಲಿ ತರ್ಕವಿಲ್ಲ. ಆದರೆ ವಾದಿಸಲಿಲ್ಲ.

ಅವಳು ಎದ್ದು ಒಂಬತ್ತನೆಯ ಸೀಸೆಯನ್ನು ಸುರಿದಳು. ನಾನು ಕೇಳಿದೆ, ಅವಳು ಉತ್ತರ ಹೇಳಿದಳು. ಕುಡಿದೆ. ಅಷ್ಟರಲ್ಲಿ ಅವಳು, ಇಳಿಸುವಾಗ ಗಾಳಿ ಯಾವ ಕಡೆಯಿಂದ ಬೀಸಿದರೆ ಕಳ್ಳು ಬೇಗ ಹುಳಿಯುತ್ತದೆಂಬ ಮಾತು ತೆಗೆದಳು, ನಾನು ಒಪ್ಪಲಿಲ್ಲ, ಅವಳು ತನ್ನ ಅಜ್ಜಿಯ ಹೆಸರನ್ನು ಎತ್ತಿದಳು, ನಾನು ಕಳೆದ ಆರು ವರ್ಷಗಳ ಟಿಪ್ಪಣಿಗಳನ್ನು ತಂದು ತೋರಿಸಿದೆ. ಅವಳು ಹೊರಟಾಗ ಮಧ್ಯಾಹ್ನವಾಗಿತ್ತು. ಅಡುಗೆ ಇಬ್ಬರಿಗೆ ಸರಿಹೋಯಿತು.

ಈಗ ನೋಡಿದರೆ ಹಾಳೆಯಲ್ಲಿ ಒಂಬತ್ತನೆಯದರ ಸಾಲು ಖಾಲಿ ಇದೆ. ಮೂಗು, ನಾಲಗೆ, ಗಂಟಲು, ಅಂಕ, ಯಾವುದೂ ಇಲ್ಲ. ಮೂವತ್ತೊಂದು ವರ್ಷಗಳಲ್ಲಿ ಇಂಥ ಲೋಪ ನನ್ನಿಂದ ಆದದ್ದಿಲ್ಲ. ಹೇಗಾಯಿತೆಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ನಯವಾಗಿತ್ತೆಂಬುದಷ್ಟೇ ನೆನಪು.

ನಾಳೆ ಅದನ್ನೇ ಮತ್ತೆ ನೋಡಬೇಕು. ಹತ್ತು ಗಂಟೆಗೆ ಬರುತ್ತೇನೆಂದಿದ್ದಾಳೆ.